ಕೇಸ್ ಪೇಪರ್ ಕೇಳದ ಪ್ರಶ್ನೆಗಳು

ನಮ್ಮ ದೊಡ್ಡ ಆಸ್ಪತ್ರೆಗಳು ಬರೆಯುವ ಸಂಶೋಧನಾ ಲೇಖನಗಳಲ್ಲಿ ಒಂದು ಮಾದರಿ ಚೆನ್ನಾಗಿ ಬೇರುಬಿಟ್ಟಿದೆ. ಇಷ್ಟು ವರ್ಷಗಳಲ್ಲಿ ನಮ್ಮಲ್ಲಿಗೆ ಬಂದ ಬೇಸಲ್ ಸೆಲ್ ಚರ್ಮ ಕ್ಯಾನ್ಸರ್ ರೋಗಿಗಳು ಇಷ್ಟು, ಅವರ ವಯಸ್ಸು ಇದು, ಗಂಟು ಇದ್ದದ್ದು ಇಲ್ಲಿ, ಬಯಾಪ್ಸಿ ಹೇಳಿದ್ದು ಹೀಗೆ. ಹಳೆಯ ಕೇಸ್ ಪೇಪರ್ ತೆಗೆದು ಕೋಷ್ಟಕ ಹಾಕಿದರೆ ಲೇಖನ ಮುಗಿಯುತ್ತದೆ. ಮುಂಬಯಿಯಂಥ ಊರಿನಲ್ಲಿ ಈ ಕ್ರಮ ಎಷ್ಟು ಹೇಳುತ್ತದೆ, ಎಷ್ಟು ಮುಚ್ಚಿಡುತ್ತದೆ ಎಂಬುದನ್ನು ನೋಡಬೇಕು.

ಮೊದಲು ಅದಕ್ಕೆ ಸಲ್ಲಬೇಕಾದ ಮನ್ನಣೆ. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಈ ಕ್ಯಾನ್ಸರ್ ಬಿಳಿ ಚರ್ಮದ ಮೇಲೆ ಮುತ್ತಿನಂತೆ ಹೊಳೆಯುವ ಗುಲಾಬಿ ಗಂಟು. ನಮ್ಮ ಕಂದು ಚರ್ಮದ ಮೇಲೆ ಅದು ಬಹಳ ಸಲ ಕಪ್ಪಗೆ ಕಾಣಿಸಿಕೊಳ್ಳುತ್ತದೆ. ರೋಗಿ ಮಚ್ಚೆ ಎಂದುಕೊಂಡು ಸುಮ್ಮನಿರುತ್ತಾನೆ, ವೈದ್ಯರು ಮೆಲನೋಮ ಎಂದು ಗಾಬರಿಯಾಗುತ್ತಾರೆ. ಈ ವ್ಯತ್ಯಾಸ ಮನದಟ್ಟಾದದ್ದು ಇಂಥ ಆಸ್ಪತ್ರೆ ವರದಿಗಳಿಂದಲೇ. ಉಳಿದ ಲಕ್ಷಣಗಳಲ್ಲಿ ಹೊಸತು ಕಡಿಮೆ. 1827ರಲ್ಲಿ ಡಬ್ಲಿನ್ನಿನ ವೈದ್ಯ ಆರ್ಥರ್ ಜೇಕಬ್ ಕಣ್ಣುರೆಪ್ಪೆಯ ಸುತ್ತ ನಿಧಾನಕ್ಕೆ ತಿಂದುಹಾಕುವ ಹುಣ್ಣನ್ನು ವಿವರಿಸಿದ್ದ. ಮುಂಬಯಿಯ ಪರೇಲಿನಲ್ಲೂ ಅದು ಮೂಗು, ರೆಪ್ಪೆ, ಕೆನ್ನೆಗಳನ್ನೇ ಹಿಡಿಯುತ್ತದೆ. ದೇಹದ ಬೇರೆಡೆಗೆ ಹರಡುವುದು ತೀರ ಅಪರೂಪ. ನೋವೂ ಇಲ್ಲದ್ದರಿಂದ ಜನ ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ.

ತಕರಾರು ಶುರುವಾಗುವುದು ಇಲ್ಲಿಂದ. ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಖಾಸಗಿ ಕ್ಲಿನಿಕ್ಕಿನಲ್ಲಿ ಸಣ್ಣ ಗಂಟನ್ನು ತೆಗೆಸಿಕೊಂಡವರು ಈ ಕೋಷ್ಟಕಗಳಿಗೆ ಬರುವುದಿಲ್ಲ. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಓಪಿಡಿಗೆ ಬರುವವರಲ್ಲಿ ಬಹಳ ಮಂದಿಗೆ ಬೇರೆ ದಾರಿಗಳು ಮುಗಿದಿರುತ್ತವೆ. 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಮೆಮೋರಿಯಲ್‌ಗಂತೂ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಹೀಗಿರುವಾಗ ಗಂಟಿನ ಗಾತ್ರ ದೊಡ್ಡದಿದ್ದರೆ ಅದು ರೋಗದ ಗುಣವೋ, ತಡವಾಗಿ ಬಂದ ಫಲವೋ? ಎರಡನ್ನೂ ಒಂದೇ ಕಾಲಂನಲ್ಲಿ ಬರೆದು ‘ಭಾರತೀಯ ರೋಗಿಗಳ ಲಕ್ಷಣ’ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಹಾಗೆಂದು ನೋಂದಣಿ ಅಂಕಿಗಳು ಈ ಕೊರತೆ ತುಂಬುತ್ತವೆ ಎನ್ನುವಂತೆಯೂ ಇಲ್ಲ. ಇಡೀ ಜನಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವ ದೇಶದ ಮೊದಲ ಕ್ಯಾನ್ಸರ್ ನೋಂದಣಿ ಶುರುವಾದದ್ದು ಮುಂಬಯಿಯಲ್ಲೇ, 1963ರಲ್ಲಿ. ಆದರೆ ಅಂತರರಾಷ್ಟ್ರೀಯ ವರ್ಗೀಕರಣದ ಸಿ44 ಎಂಬ ಒಂದೇ ಪೆಟ್ಟಿಗೆಯೊಳಗೆ ಬೇಸಲ್ ಸೆಲ್ಲೂ ಸ್ಕ್ವಾಮಸ್ ಸೆಲ್ಲೂ ಒಟ್ಟಿಗೆ ಕೂತಿವೆ. ಒಂದು ಕೂತಲ್ಲೇ ಕೊರೆಯುವಂಥದ್ದು, ಇನ್ನೊಂದು ಕತ್ತಿನ ಗ್ರಂಥಿಗಳಿಗೂ ಹಬ್ಬಬಲ್ಲದ್ದು. ಪೆಟ್ಟಿಗೆ ಬಿಚ್ಚಿ ತೋರಿಸಲು ಬಯಾಪ್ಸಿ ಆಧರಿಸಿದ ಆಸ್ಪತ್ರೆ ವರದಿಯೇ ಬೇಕು.

ಬೇಕೆನ್ನುವುದಕ್ಕೇ ಅದರ ಪ್ರಶ್ನೆಗಳು ಇನ್ನೂ ಚೂಪಾಗಬೇಕು. ಒಂದು ಪ್ರಶ್ನೆ ಹೀಗಿರುತ್ತದೆ: ‘ಬಿಸಿಲಿಗೆ ಒಡ್ಡಿಕೊಂಡಿದ್ದೀರಾ: ಹೌದು / ಇಲ್ಲ’. ಈ ದೇಶದಲ್ಲಿ ಇದಕ್ಕೆ ಇಲ್ಲ ಎನ್ನುವವರು ಯಾರು? ದೋಣಿಯಲ್ಲಿ ಹಗಲು ಕಳೆದ ಮೊಗವೀರ, ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸ್, ಹೋಟೆಲಿನ ಅಡುಗೆಮನೆಯಲ್ಲೇ ಮೂವತ್ತು ವರ್ಷ ಸವೆಸಿದ ಉಡುಪಿ ಕಡೆಯವರು, ಮೂವರದ್ದೂ ಒಂದೇ ‘ಹೌದು’ ಆದರೆ ಆ ಕಾಲಂ ಹಾಕಿ ಏನು ಪ್ರಯೋಜನ?

ರೋಗಿಯ ಹುಟ್ಟೂರಿನ ವಿಷಯ ಇದಕ್ಕಿಂತ ಗಂಭೀರ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಗಳ ಮಂಗಳೂರು (ಕರಾವಳಿಯದ್ದಲ್ಲ) ಶಿಲಾಪಟ್ಟಿಯ ಆಸುಪಾಸಿನಲ್ಲಿ, ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದೂ ಜನರ ಚರ್ಮ ಕೆಟ್ಟಿರುವುದೂ ವರದಿಯಾಗಿದೆ. ಆರ್ಸೆನಿಕ್ ನೀರು ಕುಡಿದವರ ಅಂಗೈ ಅಂಗಾಲು ಗಡುಸಾಗುತ್ತವೆ. ಎಷ್ಟೋ ವರ್ಷಗಳ ಮೇಲೆ, ಬಿಸಿಲೇ ತಾಗದ ಬೆನ್ನು ಹೊಟ್ಟೆಗಳ ಮೇಲೂ ಬೇಸಲ್ ಸೆಲ್ ಕ್ಯಾನ್ಸರ್ ಹುಟ್ಟಬಹುದು. ಆ ಸೀಮೆಯಿಂದ ಕಟ್ಟಡ ಕೆಲಸಕ್ಕೆ ಮುಂಬಯಿಗೆ ಬರುವವರಿದ್ದಾರೆ. ಕೇಸ್ ಪೇಪರಿನಲ್ಲಿ ಅವರ ವಿಳಾಸ ಗೋವಂಡಿ ಅಥವಾ ಮಾನಖುರ್ದ್. ಎಳೆತನದಲ್ಲಿ ಯಾವ ಬಾವಿಯ ನೀರು ಕುಡಿದಿರಿ ಎಂದು ಕೇಳದಿದ್ದರೆ, ಬೆನ್ನ ಮೇಲಿನ ಗಂಟು ವರದಿಯಲ್ಲಿ ‘ಅಪರೂಪದ ಜಾಗ’ ಎಂದಷ್ಟೇ ದಾಖಲಾಗುತ್ತದೆ.

ಇನ್ನೊಂದು ಕೊರತೆ, ಚಿಕಿತ್ಸೆ ಆದಮೇಲಿನ ಮೌನ. ಈ ಮಾತಿಗೆ 1794ರ ಒಂದು ವರದಿ ನೆನಪಾಗುತ್ತದೆ. ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡಿದ್ದ. ಪುಣೆ ಕಡೆಯ ಒಬ್ಬ ದೇಶೀ ವೈದ್ಯ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕೂರಿಸಿದ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಅದನ್ನು ಅಚ್ಚುಹಾಕಿತು, ಜೊತೆಗೆ ಶಸ್ತ್ರಕ್ರಿಯೆಯಾಗಿ ಹತ್ತು ತಿಂಗಳ ಮೇಲೆ ಬರೆದ ಅವನ ಚಿತ್ರವನ್ನೂ. ಕ್ಯಾನ್ಸರ್ ತೆಗೆದ ಮೂಗಿಗೆ ಇಂದಿಗೂ ಹಣೆಯ ಚರ್ಮವನ್ನೇ ತಿರುಗಿಸಿ ಕೂರಿಸುತ್ತಾರೆ. ಅಂಚಿನಿಂದ 4 ಮಿಲಿಮೀಟರ್ ಬಿಟ್ಟು ಕತ್ತರಿಸಿದರೆ ಸಣ್ಣ ಗಂಟುಗಳಲ್ಲಿ ಬಹುಪಾಲು ಪೂರ್ತಿ ಹೋಗುತ್ತವೆ ಎಂಬುದೂ 1987ರಿಂದ ಗೊತ್ತಿರುವ ಲೆಕ್ಕ. ಆದರೆ ರೋಗ ಮರಳುವುದಿದ್ದರೆ ಎಷ್ಟೋ ಸಲ ಮರಳುವುದು ಎರಡು, ಮೂರು, ಐದು ವರ್ಷ ಕಳೆದು. ಹೊಲಿಗೆ ಬಿಚ್ಚಿಸಿಕೊಂಡು ರಾತ್ರಿ ರೈಲಿಗೆ ಯಾದಗಿರಿಗೆ ಹೊರಟವನ ಫೋನ್ ನಂಬರನ್ನು ಬರೆದಿಟ್ಟುಕೊಂಡು ಮೂರು ವರ್ಷದ ಮೇಲೆ ಕರೆಮಾಡುವ ಕೆಲಸಕ್ಕೆ ಒಬ್ಬ ಗುಮಾಸ್ತ ಸಾಕು. ಕೋಷ್ಟಕ ಹಾಕುವ ವಿಭಾಗಗಳು ಮೊದಲು ಆ ಒಬ್ಬನನ್ನು ನೇಮಿಸಿಕೊಳ್ಳಲಿ.