ನಂಬಿದ ಮೇಲೆ ಬದುಕು ಬದಲಾಗಬೇಡವೆ?

ಕರ್ತನ ಭೋಜನದ ಭಾನುವಾರಕ್ಕೆ ಹಿಂದಿನ ಸಂಜೆ ಉಪ್ಪಾರಹಳ್ಳಿಯ ಮನೆಯಿಂದ ನಮ್ಮ ಅಜ್ಜಿ ಒಬ್ಬರೇ ಹೊರಡುತ್ತಿದ್ದರು. ಹಿಂದಿನ ಬೀದಿಯಲ್ಲಿದ್ದ ಓರಗಿತ್ತಿಯೊಡನೆ ಮಾತು ಬಿಟ್ಟು ಎಷ್ಟೋ ದಿನವಾಗಿರುತ್ತಿತ್ತು. ಜಗಲಿಯ ಮೇಲೆ ಕೂತು, ‘ತಪ್ಪು ನಂದೇ ಅಂತ ಇಟ್ಕೊ ಅಕ್ಕಾ, ನಾಳೆ ರೊಟ್ಟಿ ತಗೋಬೇಕು’ ಎಂದು ಅವರ ಕೈ ಹಿಡಿದುಕೊಳ್ಳುತ್ತಿದ್ದರು. ಮರುದಿನ ಸಭೆಯಲ್ಲಿ ಕೇಳುತ್ತಿದ್ದ ಪ್ರಸಂಗ ಮಾತ್ರ ಬೇರೆ: ರಕ್ಷಣೆ ಕೃಪೆಯಿಂದಲೇ ಹೊರತು ನಮ್ಮ ಕ್ರಿಯೆಗಳಿಂದಲ್ಲ. ಹಾಗಾದರೆ ಅಜ್ಜಿ ಆ ಜಗಲಿಗೆ ಹೋದದ್ದು ಏತಕ್ಕೆ? ಈ ಪ್ರಶ್ನೆ ಇಟ್ಟುಕೊಂಡೇ ನಾನು ವಿಲಿಯಂ ಆರ್ಥರ್ ಅವರ ‘ದಿ ಟಂಗ್ ಆಫ್ ಫೈರ್’ ಓದಿದೆ.

ಆರ್ಥರ್ ನಮಗೆ ಪರಸ್ಥಳದವರಲ್ಲ. ಐರ್ಲೆಂಡಿನ ಈ ವೆಸ್ಲಿಯನ್ ಮಿಷನರಿ 1839ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಹಡಗು ಹತ್ತಿ ಬಂದು ನಮ್ಮ ಪಕ್ಕದ ಗುಬ್ಬಿಯಲ್ಲಿ ಕೆಲಸ ಮಾಡಿದವರು. ಕಣ್ಣಿನ ತೊಂದರೆಯಿಂದ 1841ರಲ್ಲೇ ಹಿಂದಿರುಗಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಬರೆದರು. ‘ದಿ ಟಂಗ್ ಆಫ್ ಫೈರ್’ ಬಂದದ್ದು 1856ರಲ್ಲಿ.

ಅಪೊಸ್ತಲರ ಮೇಲೆ ಇಳಿದ ಬೆಂಕಿಯ ನಾಲಿಗೆಗಳ ಪ್ರಸಂಗವೇ ಇದರ ಬೀಜ. ಕೋಟೆ ಒಡೆಯಲು ಗುಂಡಿದೆ, ಫಿರಂಗಿಯಿದೆ, ಮದ್ದೂ ಇದೆ; ಕಿಡಿಯಿಲ್ಲದಿದ್ದರೆ ಏನು ಉಪಯೋಗ ಎನ್ನುತ್ತಾರೆ ಆರ್ಥರ್. ವಿದ್ಯೆ, ವಾಕ್ಚಾತುರ್ಯ, ಹಣ ಎಲ್ಲವೂ ಅವರಿಗೆ ಮದ್ದುಗುಂಡು ಮಾತ್ರ. ಪರಿಶುದ್ಧಾತ್ಮನ ಬೆಂಕಿ ಇಳಿದರೆ ಮನುಷ್ಯ ಬದಲಾಗುತ್ತಾನೆ. ಬದಲಾದವನು ಸಮಾಜದ ಕೇಡನ್ನೂ ಸಹಿಸಲಾರ. ಸುವಾರ್ತೆಯನ್ನು ಒಬ್ಬೊಬ್ಬರ ಆತ್ಮಕ್ಕೆ ಮಾತ್ರ ಸೀಮಿತಗೊಳಿಸುವವರನ್ನು ಅವರು ನೇರವಾಗಿ ಎದುರಿಸುತ್ತಾರೆ. ಪುಸ್ತಕದ ಅತ್ಯಂತ ಗಟ್ಟಿ ಭಾಗ ಅದೇ.

ಈ ನಿಲುವಿನ ಬೇರು ಜಾನ್ ವೆಸ್ಲಿಯಲ್ಲಿದೆ. ನೀತಿವಂತನೆಂದು ಎಣಿಸಲ್ಪಡುವುದು ಒಂದು, ಪರಿಶುದ್ಧನಾಗುತ್ತ ಹೋಗುವುದು ಇನ್ನೊಂದು, ಎರಡೂ ಕೃಪೆಯೇ. ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲವೆಂದು ಇಬ್ರಿಯರ ಪತ್ರಿಕೆ ಹೇಳುವುದು ನಿಜ. ಆದರೆ ಅದನ್ನು ಬೆಲೆಯಾಗಿ ಕಟ್ಟಲು ಹೊರಟರೆ ಶಿಲುಬೆಗೆ ಏನು ಕೆಲಸ?

ಶಿಲುಬೆಯ ಮೇಲಿನ ಕಳ್ಳನನ್ನು ಮುಂದಿಟ್ಟು ಬದುಕು ಹೇಗಿದ್ದರೂ ಸರಿ ಎನ್ನುವವರಿದ್ದಾರೆ. ಲೂಕನ ಸುವಾರ್ತೆಯನ್ನು ಅವರು ನಿಧಾನವಾಗಿ ಓದಲಿ. ಆ ಕಳ್ಳ ತನ್ನ ತಪ್ಪು ಒಪ್ಪಿಕೊಂಡ, ಜೊತೆಯವನ ನಿಂದೆಯನ್ನು ತಡೆದ. ಕೈಕಾಲಿಗೆ ಮೊಳೆ ಬಿದ್ದಿದ್ದವನಿಗೆ ಉಳಿದದ್ದು ನಾಲಿಗೆಯೊಂದೇ, ಅದು ಬದಲಾಗಿತ್ತು.

ಆರ್ಥರ್ ಅವರಲ್ಲಿ ನನಗೆ ಕೊರತೆ ಕಂಡದ್ದು ಒಂದೆಡೆ. ಬೆಂಕಿ ಇಳಿದ ಗಳಿಗೆಗೆ ಅವರ ಬರಹ ಎಷ್ಟು ಉರಿಯುತ್ತದೆಯೋ, ಬಿದ್ದು ಏಳುತ್ತಲೇ ಇರುವವನ ಮುಂದೆ ಅಷ್ಟು ಹೊತ್ತು ಕೂರುವುದಿಲ್ಲ. ನಮ್ಮ ಅಜ್ಜಿ ಪ್ರತಿ ಸಲವೂ ಜಗಳವಾಡಿದರು, ಪ್ರತಿ ಸಲವೂ ಹೋದರು. ರಕ್ಷಣೆ ಗಳಿಸಲು ಅಲ್ಲ. ಕ್ಷಮೆ ಪಡೆದವರಿಗೆ ಮುನಿಸು ಇಟ್ಟುಕೊಂಡು ಕೂರಲು ಆಗುತ್ತಿರಲಿಲ್ಲ.

ಪರಿಶುದ್ಧತೆ ಬೇಕೇ ಬೇಕು, ರಕ್ಷಣೆಯ ಕ್ರಯವಾಗಿ ಅಲ್ಲ, ರಕ್ಷಣೆಯ ಬದುಕಾಗಿ. ಗುಬ್ಬಿಯ ದಾರಿಯಲ್ಲಿ ಓಡಾಡುವ ನಮ್ಮ ಸಭೆಯವರು ಆರ್ಥರ್ ಅವರನ್ನು ಓದಲೇಬೇಕು, ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು.