ಮಾರಿಯಾ ಕಾಲಾಸಳ ಶಾರೀರವಿಚಾರ

ಪಾಶ್ಚಾತ್ಯರ ಗೀತನಾಟಕಗಳಲ್ಲಿ ಅತ್ಯುಚ್ಚ ಸ್ಥಾಯಿಯ ಸ್ತ್ರೀಪಾತ್ರಗಳನ್ನು ಹಾಡುವ ಗಾಯಕಿಗೆ ಸೊಪ್ರಾನೊ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಸೊಪ್ರಾನೊಗಳಲ್ಲಿ ಮಾರಿಯಾ ಕಾಲಾಸಳಷ್ಟು (1923-1977) ಕೀರ್ತಿಯನ್ನೂ ಅವಳಷ್ಟು ಆಕ್ಷೇಪವನ್ನೂ ಪಡೆದವರು ವಿರಳ. ಆಕ್ಷೇಪವು ಮುಖ್ಯವಾಗಿ ಅವಳ ಶಾರೀರವನ್ನು ಕುರಿತದ್ದು. ಮೂರು ಸ್ಥಾಯಿಗಳಲ್ಲಿ ಮೂವರು ಬೇರೆ ಬೇರೆ ಗಾಯಕಿಯರು ಹಾಡಿದಂತೆ ಕೇಳುತ್ತದೆಂದೂ, ಮಧ್ಯದಲ್ಲಿ ನಾದವು ಸೀಸೆಯೊಳಗಿನಿಂದ ಬಂದಂತೆ ಮುಚ್ಚಿಕೊಳ್ಳುತ್ತದೆಂದೂ, ತಾರದಲ್ಲಿ ಕರ್ಕಶವಾಗುತ್ತದೆಂದೂ ವಿಮರ್ಶಕರು ಹೇಳುತ್ತ ಬಂದಿದ್ದಾರೆ. ಅಭಿಮಾನಿಗಳಲ್ಲಿ ಅನೇಕರು ಇದನ್ನು ಅಲ್ಲಗಳೆಯುವುದಿಲ್ಲ. ಕಂಠದ ಕುಂದನ್ನು ಅಭಿನಯವು ಮರೆಸುತ್ತದೆಯೆಂದು ಸಮಾಧಾನ ಹೇಳುತ್ತಾರೆ. ಈ ಸಮಾಧಾನವು ಆಕ್ಷೇಪಕ್ಕಿಂತಲೂ ಹೆಚ್ಚಿನ ಅನ್ಯಾಯವನ್ನು ಮಾಡುತ್ತದೆ. ಕಂಠವು ಬೇರೆ, ಅಭಿನಯವು ಬೇರೆ ಎಂದು ವಿಭಾಗಿಸಿದರೆ ಅವಳ ಸಾಧನೆ ಯಾವುದೆಂಬುದೇ ತಿಳಿಯದೆ ಹೋಗುತ್ತದೆ.

ಗ್ರೀಕ್ ತಂದೆತಾಯಿಗಳ ಮಗಳಾಗಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ 1937ರಲ್ಲಿ ತಾಯಿಯೊಡನೆ ಅಥೆನ್ಸಿಗೆ ಹೋದಳು. ಅಲ್ಲಿ ಎಲ್ವಿರಾ ದೆ ಇದಾಲ್ಗೊ ಎಂಬ ಸ್ಪೇನ್ ದೇಶದ ಗಾಯಕಿ ಇವಳ ಗುರುವಾದಳು. ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಇಟಲಿಯ ಗಾಯನಪದ್ಧತಿಯಾದ ಬೆಲ್ ಕಾಂತೊವಿನ ಶಿಕ್ಷಣವು ದೊರೆತದ್ದು ಈ ಗುರುವಿನಿಂದಲೇ. 1947ರಲ್ಲಿ ವೆರೋನಾ ನಗರದಲ್ಲಿ ಈಕೆ ಇಟಲಿಯ ರಂಗವನ್ನು ಪ್ರವೇಶಿಸಿದಳು. 1949ರ ಜನವರಿಯಲ್ಲಿ ವೆನಿಸ್ಸಿನಲ್ಲಿ ವಾಗ್ನರನ ಬ್ರೂನ್‌ಹಿಲ್ಡೆಯಂಥ ಗುರುತರವಾದ ಪಾತ್ರವನ್ನು ಹಾಡುತ್ತಿದ್ದಾಗ, ಅಸ್ವಸ್ಥಳಾದ ಇನ್ನೊಬ್ಬ ಗಾಯಕಿಗೆ ಬದಲಾಗಿ ಬೆಲ್ಲೀನಿಯ ‘ಇ ಪುರಿತಾನಿ’ಯ ಎಲ್ವಿರಾ ಪಾತ್ರವನ್ನು ಕೆಲವೇ ದಿನಗಳಲ್ಲಿ ಕಲಿತು ಅದೇ ತಿಂಗಳು ಹಾಡಿದಳು. ಒಂದು ಭಾರವಾದ ಕಂಠವನ್ನು ಬೇಡುವ ಪಾತ್ರ; ಇನ್ನೊಂದು ಕ್ಷಿಪ್ರವಾದ ಸ್ವರವಿನ್ಯಾಸವನ್ನು ಬೇಡುವುದು. ಎರಡನ್ನೂ ಒಬ್ಬಳೇ ಹಾಡುವುದು ಆ ಕಾಲದ ಶ್ರೋತೃಗಳಿಗೆ ಅದ್ಭುತವಾಗಿ ಕಂಡಿತು.

ಆದರೆ ಇದು ಹಿಂದೆ ಇಲ್ಲದ ಸಂಗತಿಯಲ್ಲ. ದೊನಿಜೆಟ್ಟಿಯ ‘ಅನ್ನಾ ಬೊಲೇನಾ’ (1830), ಬೆಲ್ಲೀನಿಯ ‘ಲಾ ಸೊನ್ನಾಂಬುಲಾ’ (1831), ‘ನೊರ್ಮಾ’ (1831) ಈ ಮೂರು ಕೃತಿಗಳ ನಾಯಿಕಾಪಾತ್ರಗಳೂ ಜೂದಿತ್ತಾ ಪಾಸ್ತಾ ಎಂಬ ಒಬ್ಬಳೇ ಗಾಯಕಿಗಾಗಿ ರಚಿತವಾದವು. ಕಾಲಾಸಳೂ ಈ ಮೂರನ್ನು ಹಾಡಿದಳು. ಪಾಸ್ತಾಳ ಶಾರೀರವು ಸ್ಥಾಯಿಯಿಂದ ಸ್ಥಾಯಿಗೆ ಬಣ್ಣವನ್ನು ಬದಲಿಸುತ್ತಿದ್ದಿತೆಂಬುದನ್ನು ಫ್ರೆಂಚ್ ಲೇಖಕ ಸ್ಟಾಂಡಾಲನು 1824ರಲ್ಲಿ ಪ್ರಕಟವಾದ ರೊಸ್ಸೀನಿಯ ಚರಿತ್ರೆಯಲ್ಲಿ ಗಮನಿಸಿದ್ದಾನೆ. ಅಷ್ಟೇ ಅಲ್ಲ, ಅದನ್ನು ದೋಷವೆನ್ನದೆ ಭಾವಪ್ರಕಾಶನದ ಸಾಧನವೆಂದು ಶ್ಲಾಘಿಸಿದ್ದಾನೆ. ಅಂದಮೇಲೆ ಕಾಲಾಸಳಲ್ಲಿ ಕುಂದೆಂದು ಎಣಿಸಿದ ವೈಷಮ್ಯವು ಈ ಪಾತ್ರಗಳ ಹುಟ್ಟಿನೊಡನೆಯೇ ಬಂದ ಲಕ್ಷಣವೆನ್ನಬೇಕಾಗುತ್ತದೆ. ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾದ ನಾದಮಾಧುರ್ಯವನ್ನು ಪರಮಗುಣವೆಂದು ತಿಳಿದವರಿಗೆ ರೆನಾತಾ ತೆಬಾಲ್ದಿಯ ಕಂಠವು ಹೆಚ್ಚು ಪ್ರಿಯವಾಗುವುದು ಸಹಜ. ಆ ಅಳತೆಗೋಲನ್ನು ನೊರ್ಮಾಳಿಗೂ ಹಿಡಿಯುವುದು ಯುಕ್ತವಲ್ಲ.

ಅಲಂಕಾರವು ಪ್ರತ್ಯೇಕ ಪ್ರಯತ್ನವಿಲ್ಲದೆ ರಸದೊಡನೆಯೇ ಒದಗಿಬರಬೇಕೆಂದು ಆನಂದವರ್ಧನನು ಕಾವ್ಯವನ್ನು ಕುರಿತು ಹೇಳಿದುದು ಇಲ್ಲಿಯೂ ಸಲ್ಲುತ್ತದೆ. ‘ಲೂಚಿಯಾ ದಿ ಲಮ್ಮೆರ್ಮೂರ್’ ಕೃತಿಯ ಉನ್ಮಾದದೃಶ್ಯದಲ್ಲಿ ಕಂಠವೂ ಕೊಳಲೂ ಒಂದನ್ನೊಂದು ಅನುಸರಿಸುವ ಭಾಗವು ಎಷ್ಟೋ ಗಾಯಕಿಯರ ಬಾಯಲ್ಲಿ ಪಂದ್ಯವಾಗಿ ಪರಿಣಮಿಸಿದೆ. ಕಾಲಾಸಳ 1953ರ ಧ್ವನಿಮುದ್ರಿಕೆಯಲ್ಲಿ ಅದೇ ಸ್ವರಪಂಕ್ತಿಯು ಬುದ್ಧಿಯು ಕೈತಪ್ಪಿ ಜಾರುವ ಕ್ರಮವಾಗಿ ಕೇಳುತ್ತದೆ. ವೆರ್ದಿಯ ‘ಲಾ ತ್ರಾವಿಯಾತಾ’ (1853) ಕೃತಿಯ ಎರಡನೆಯ ಅಂಕದಲ್ಲಿ ವಿಯೊಲೆತ್ತಾ ಪ್ರಿಯನನ್ನು ತ್ಯಜಿಸುವೆನೆಂದು ಅವನ ತಂದೆಗೆ ಒಪ್ಪಿಗೆ ಕೊಡುವ ಸ್ಥಳವು ಇದಕ್ಕೂ ಮಿಗಿಲು. 1958ರ ಲಿಸ್ಬನ್ ಪ್ರಯೋಗದ ಮುದ್ರಿಕೆಯಲ್ಲಿ ಆಕೆ ಅಲ್ಲಿ ನಾದದ ಕಾಂತಿಯನ್ನೆಲ್ಲ ತೆಗೆದುಬಿಟ್ಟು, ಬಹು ಸಣ್ಣ ಧ್ವನಿಯಲ್ಲಿ ಆರಂಭಿಸುತ್ತಾಳೆ. ಮಧುರವಾದ ಕಂಠವು ಅಲ್ಲಿ ತನ್ನ ಮಾಧುರ್ಯವನ್ನೇ ಕೇಳಿಸುತ್ತಿದ್ದಿತು. ಇಲ್ಲಿ ಕೇಳುವುದು ತ್ಯಾಗ. ಮುಚ್ಚಿಕೊಂಡ ನಾದವೆಂದು ದೂಷಿತವಾದುದರ ಪ್ರಯೋಜನ ಇದು.

ಹೀಗೆಂದು ಎಲ್ಲವನ್ನೂ ಗುಣವೆಂದು ಸಾಧಿಸಹೊರಡುವುದು ಸಲ್ಲದು. 1960ರ ಅನಂತರದ ಮುದ್ರಿಕೆಗಳಲ್ಲಿ ತಾರಸ್ವರಗಳು ಅಲುಗಾಡುವುದು ಯಾವ ಭಾವವನ್ನೂ ಪೋಷಿಸುವುದಿಲ್ಲ. ಅದು ಕಂಠದ ಕ್ಷಯವೇ. 1953-54ರಲ್ಲಿ ಮೂವತ್ತು ಕಿಲೋಗ್ರಾಮಿಗೂ ಹೆಚ್ಚು ತೂಕವನ್ನು ಕಳೆದುಕೊಂಡುದೇ ಇದಕ್ಕೆ ಕಾರಣವೆಂದು ಹಲವರ ಮತ. ಆದರೆ 1955ರಲ್ಲಿ ಬರ್ಲಿನ್ನಿನಲ್ಲಿ ಹಾಡಿದ ಲೂಚಿಯಾ ಆ ತರುವಾಯದ್ದು. ಅದನ್ನು ಕೇಳಿದವರು ಈ ಮತವನ್ನು ಸುಲಭವಾಗಿ ಒಪ್ಪಲಾರರು. ಎಳೆಯ ವಯಸ್ಸಿನಲ್ಲಿಯೇ ತುರಾಂದೋತ್, ಅಬಿಗಾಯಿಲೆ ಮುಂತಾದ ಕಂಠಶೋಷಕವಾದ ಪಾತ್ರಗಳನ್ನು ಹಾಡಿದುದು ಹೆಚ್ಚು ಸಂಭಾವ್ಯವಾದ ಕಾರಣವೆಂದು ತೋರುತ್ತದೆ. 1965ರ ಜುಲೈಯಲ್ಲಿ ಲಂಡನ್ನಿನಲ್ಲಿ ‘ತೊಸ್ಕಾ’ ಹಾಡಿದುದರೊಂದಿಗೆ ಗೀತನಾಟಕರಂಗದ ಜೀವನವು ಮುಗಿಯಿತು. ಆಗ ಅವಳಿಗೆ ನಾಲ್ವತ್ತೊಂದು ವರ್ಷ.

1958ರ ಜನವರಿ 2ರಂದು ರೋಮಿನಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷನ ಸಮಕ್ಷದಲ್ಲಿ ‘ನೊರ್ಮಾ’ವನ್ನು ಮೊದಲನೆಯ ಅಂಕದ ಮೇಲೆ ನಿಲ್ಲಿಸಿದ ಪ್ರಸಂಗವನ್ನೂ ಧನಿಕರ ಸಹವಾಸವನ್ನೂ ಚರಿತ್ರಕಾರರು ಪುಟಗಟ್ಟಲೆ ವಿಸ್ತರಿಸಿದ್ದಾರೆ. 1971-72ರಲ್ಲಿ ನ್ಯೂಯಾರ್ಕಿನ ಜುಲಿಯಾರ್ಡ್ ಶಾಲೆಯಲ್ಲಿ ಅವಳು ಮಾಡಿದ ಪಾಠಗಳಿಗೆ ಅಷ್ಟು ಸ್ಥಳ ದೊರೆತಿಲ್ಲ. ಜಾನ್ ಆರ್ಡಾಯಿನನು ಅವನ್ನು ಗ್ರಂಥರೂಪಕ್ಕೆ ತಂದಿದ್ದಾನೆ. ರಂಗದಲ್ಲಿ ಹೇಗೆ ನಡೆಯಬೇಕೆಂಬುದನ್ನು ಸಂಗೀತವೇ ಹೇಳುತ್ತದೆಂದು ವಾದ್ಯವೃಂದದ ನಾಯಕ ತುಲ್ಲಿಯೊ ಸೆರಾಫಿನನು ತನಗೆ ಕಲಿಸಿದನೆಂದು ಅವಳು ಹೇಳುತ್ತಿದ್ದಳು. ಆ ಪಾಠಗಳನ್ನು ಓದಿದರೆ, ನಟಿಯೆಂದು ಹೆಸರಾದವಳು ಶಿಷ್ಯರಿಗೆ ಅಂಗಾಭಿನಯಕ್ಕಿಂತ ಹೆಚ್ಚಾಗಿ ಶಬ್ದದ ಉಚ್ಚಾರಣೆ, ಸ್ವರದ ಕಾಲಪ್ರಮಾಣ, ರಚನಕಾರನು ಬರೆದಿಟ್ಟ ಗುರುತುಗಳು ಇವನ್ನೇ ಒತ್ತಿ ಹೇಳುತ್ತಿದ್ದುದು ಕಾಣುತ್ತದೆ.