ಮಂಚದ ಕೆಳಗಿನ ಕಸ: ‘ವಾಲ್-ಈ’ ಚಿಕ್ಕ ಮಕ್ಕಳಿಗೆ ಎಷ್ಟು ಸರಿ?

ಕಳೆದ ತಿಂಗಳು ನಮ್ಮ ಚೆಂಬೂರಿನ ಮನೆಯಲ್ಲಿ ಇರುವೆಸಾಲಿನ ಜಾಡು ಹಿಡಿದು ಹೋದಾಗ ಮಗಳ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಚಿಪ್ಸಿನ ಖಾಲಿ ಪೊಟ್ಟಣಗಳು, ಐಸ್‌ಕ್ರೀಮಿನ ಮರದ ಚಮಚಗಳು, ಜ್ಯೂಸಿನ ಸ್ಟ್ರಾಗಳು, ತುದಿ ಮುರಿದ ಕ್ರೇಯಾನುಗಳು, ಮತ್ತು ಒಂದು ಮಾವಿನ ಗೊರಟು. ಇರುವೆ ಬಂದದ್ದು ಗೊರಟಿಗೆ. ಐದೂವರೆ ವರ್ಷದ ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾಕೆ ಮಗಾ ಇದನ್ನೆಲ್ಲ ಬಚ್ಚಿಟ್ಟಿದ್ದೀಯ ಎಂದು ಕೇಳಿದೆ. “ಬುಟ್ಟಿಗೆ ಹಾಕಿದ್ರೆ ಭೂಮಿಗೆ ಹೋಗತ್ತಲ್ಲ ಅಪ್ಪಾ” ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. 1927ರಿಂದ ಮುಂಬೈ ತನ್ನ ಕಸ ಸುರಿಯುತ್ತ ಬಂದಿರುವ ದೇವನಾರ್ ಗುಡ್ಡಗಳು ನಮ್ಮ ಮನೆಯಿಂದ ದೂರವೇನಿಲ್ಲ. ಗಾಳಿ ಆ ಕಡೆಯಿಂದ ಬೀಸಿದ ಸಂಜೆ ಕಿಟಕಿ ಮುಚ್ಚಿಕೊಳ್ಳುತ್ತೇವೆ, ಅಷ್ಟೆ. ಆದರೆ ಐದೂವರೆ ವರ್ಷದ ಕೂಸು ಭೂಮಿಯ ಭಾರವನ್ನು ತನ್ನ ಮಂಚದ ಕೆಳಗೆ ಹೊತ್ತುಕೊಂಡು ಮಲಗುವುದು ಸರಿಯೇ? ಇದಕ್ಕೆ ಮೂರು ವಾರ ಮೊದಲು ನಾನೇ ಅವಳಿಗೆ ‘ವಾಲ್-ಈ’ ತೋರಿಸಿದ್ದೆ. ಮುಗಿದ ಮೇಲೆ ಒಂದು ಸಣ್ಣ ಭಾಷಣವನ್ನೂ ಕೊಟ್ಟಿದ್ದೆ. ತಪ್ಪು ಸಿನಿಮಾದ್ದೋ ಭಾಷಣದ್ದೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಲು ಆ ಚಿತ್ರವನ್ನು ಒಬ್ಬನೇ ಮತ್ತೆರಡು ಸಲ ನೋಡಿದೆ. ಈ ಬರಹ ಅದರ ಫಲ.

ಕತೆ ಬಹುತೇಕರಿಗೆ ಗೊತ್ತಿರುವುದೇ. ಪಿಕ್ಸಾರ್‌ನ ಈ ಚಿತ್ರ 2008ರಲ್ಲಿ ಬಂತು. ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್. ಕಸದಲ್ಲಿ ಹೂತುಹೋದ ಭೂಮಿಯನ್ನು ಬಿಟ್ಟು ಮನುಷ್ಯರು ಹಡಗಿನಂಥ ಆಕಾಶನೌಕೆ ಹತ್ತಿ ಹೋಗಿ 700 ವರ್ಷಗಳಾಗಿವೆ. ಹಿಂದೆ ಉಳಿದಿರುವುದು ಕಸವನ್ನು ಒತ್ತಿ ಇಟ್ಟಿಗೆ ಮಾಡಿ ಪೇರಿಸುವ ಒಂದೇ ಒಂದು ತುಕ್ಕು ಹಿಡಿದ ಯಂತ್ರ, ಜೊತೆಗೊಂದು ಜಿರಳೆ. ಯಂತ್ರಕ್ಕೆ ಒಂದು ಹಸಿರು ಮೊಳಕೆ ಸಿಗುತ್ತದೆ. ಆ ಮೊಳಕೆಯನ್ನು ಹುಡುಕಿಕೊಂಡು ಈವ್ ಎಂಬ ನುಣುಪು ಬಿಳಿ ಯಂತ್ರ ಬರುತ್ತದೆ. ಪ್ರೀತಿ, ಬೆನ್ನಟ್ಟುವಿಕೆ, ನೌಕೆಯೊಳಗೆ ದಂಗೆ, ಕೊನೆಗೆ ಮನುಷ್ಯರು ಭೂಮಿಗೆ ಮರಳುವುದು.

ಮೊದಲ ಸುಮಾರು 40 ನಿಮಿಷ ಮಾತು ತೀರಾ ಕಡಿಮೆ. ಹೊರನಾಡಿನ ನಮ್ಮಂಥ ಮನೆಗಳಿಗೆ ಇದೊಂದು ದೊಡ್ಡ ಉಪಕಾರ. ಪುಟ್ಟಿ ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಹಿಂದಿ-ಮರಾಠಿ, ಮನೆಯಲ್ಲಿ ಅರ್ಧ ಕನ್ನಡ ಆಡುವವಳು. ಅವಳ ಪಕ್ಕದಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ಅಮ್ಮ, ಇಂಗ್ಲಿಷ್ ಬಾರದವಳು. ಇಬ್ಬರೂ ಒಂದೇ ಕಡೆ ನಕ್ಕರು, ಒಂದೇ ಕಡೆ ಉಸಿರು ಬಿಗಿಹಿಡಿದರು. ‘ಸ್ಟಾರ್ ವಾರ್ಸ್’ನ ರೋಬೋಗಳಿಗೆ ದನಿ ಕಟ್ಟಿದ ಬೆನ್ ಬರ್ಟ್ ಇಲ್ಲಿ ಗುಂಯ್‌ಗುಡುವಿಕೆ, ಕಿರುಗುಟ್ಟುವಿಕೆಗಳಲ್ಲೇ ನಾಚಿಕೆ, ಗಾಬರಿ, ಹಂಬಲವನ್ನೆಲ್ಲ ಹೇಳಿಸಿದ್ದಾರೆ. ಯಂತ್ರ ಒಬ್ಬಂಟಿಯಾಗಿ ಹಳೆಯ ಸಂಗೀತಚಿತ್ರದ ಕ್ಯಾಸೆಟ್ ಹಾಕಿಕೊಂಡು, ಪರದೆಯ ಮೇಲೆ ಇಬ್ಬರು ಕೈ ಹಿಡಿಯುವುದನ್ನು ನೋಡಿ ತನ್ನದೇ ಎರಡು ಕೈ ಹೆಣೆದುಕೊಳ್ಳುವಾಗ ಅಮ್ಮ ಕೇಳಿದಳು: “ಅದಕ್ಕೆ ಯಾರೂ ಇಲ್ವೇನೋ, ಪಾಪ?” ಚಿತ್ರದ ಜೀವಾಳ ಆ ಪ್ರಶ್ನೆಯಲ್ಲೇ ಇದೆ.

ಪುಟ್ಟಿ ಎಲ್ಲಿ ಹೆದರಿದಳು ಎಂಬುದನ್ನು ನಾನು ಗಮನಿಸಿದ್ದೆ. ಕಸದ ಗೋಪುರಗಳಿಗೆ ಹೆದರಲಿಲ್ಲ. ಅವು ಅವಳಿಗೆ ಆಟದ ಮೈದಾನ. ಧೂಳಿನ ಬಿರುಗಾಳಿಗೆ ಸ್ವಲ್ಪ ಹತ್ತಿರ ಸರಿದಳು. ಅತ್ತದ್ದು ಕೊನೆಯಲ್ಲಿ. ಜಜ್ಜಿಹೋದ ವಾಲ್-ಈಗೆ ಈವ್ ಬಿಡಿಭಾಗ ಜೋಡಿಸಿ ಎಬ್ಬಿಸುತ್ತಾಳೆ. ಅದು ಏಳುತ್ತದೆ, ಆದರೆ ಅವಳನ್ನು ಗುರುತಿಸುವುದಿಲ್ಲ. ತಾನು ವರ್ಷಗಟ್ಟಲೆ ಆಸೆಯಿಂದ ಕೂಡಿಟ್ಟ ಸಾಮಾನುಗಳನ್ನೇ ಕಸವೆಂದು ಒತ್ತತೊಡಗುತ್ತದೆ. ಆಗ ಪುಟ್ಟಿ ಬಿಕ್ಕಿದಳು. ಐದರ ಮಗುವಿಗೆ ಗೊತ್ತಿರುವ ಅತಿ ದೊಡ್ಡ ದುರಂತ ಗ್ರಹದ ಸಾವಲ್ಲ; ತನ್ನವರು ತನ್ನನ್ನು ಮರೆಯುವುದು. ಚಿತ್ರ ಆ ಭಯವನ್ನು ಎಬ್ಬಿಸುತ್ತದೆ, ಒಂದೆರಡು ನಿಮಿಷದಲ್ಲಿ ಕೈಗೆ ಕೈ ತಾಗಿಸಿ ತಣಿಸುತ್ತದೆ. ಅಳು ನಿಂತಿತು. ಆ ರಾತ್ರಿ ಅವಳು ಚೆನ್ನಾಗಿಯೇ ನಿದ್ದೆ ಮಾಡಬೇಕಿತ್ತು.

ಅಲ್ಲಿ ನಾನು ಬಾಯಿ ಹಾಕಿದೆ. “ನೋಡಿದ್ಯಾ ಪುಟ್ಟಿ, ಸಿಕ್ಕಸಿಕ್ಕಲ್ಲಿ ಪ್ಲಾಸ್ಟಿಕ್ ಎಸೆದರೆ ನಮ್ಮ ಭೂಮಿನೂ ಹೀಗೇ ಆಗೋದು. ಆಮೇಲೆ ನಾವೆಲ್ಲ ಬಿಟ್ಟು ಹೋಗ್ಬೇಕು.” ಎರಡೇ ವಾಕ್ಯ. ಚಿತ್ರ ಎಲ್ಲೂ ಮಗುವಿನ ಮೇಲೆ ಹೊರಿಸದ ಅಪರಾಧವನ್ನು ನಾನು ಎರಡು ವಾಕ್ಯದಲ್ಲಿ ಹೊರಿಸಿಬಿಟ್ಟಿದ್ದೆ. ತಮಾಷೆಯೆಂದರೆ, ಪರಿಸರದ ಪಾಠ ಹೇಳುವುದು ತನ್ನ ಉದ್ದೇಶವಾಗಿರಲಿಲ್ಲ ಎಂದು ಸ್ಟಾಂಟನ್ ಅವರೇ ಹೇಳಿಕೊಂಡಿದ್ದಾರೆ. ಎಲ್ಲರೂ ಹೊರಟುಹೋಗಿ, ಒಂದು ರೋಬೋವನ್ನು ಮಾತ್ರ ಆರಿಸುವುದು ಮರೆತಿದ್ದರೆ ಎಂಬ ಕಲ್ಪನೆಯಿಂದ ಕತೆ ಹುಟ್ಟಿತಂತೆ. ಕಸ ಆ ಒಂಟಿತನಕ್ಕೆ ಬೇಕಾದ ಹಿನ್ನೆಲೆಯಾಗಿ ಬಂತು. ಅದನ್ನು ಸಂದೇಶ ಎಂದು ಬಿಡಿಸಿ ಮಕ್ಕಳ ಕೈಗೆ ಕೊಟ್ಟವರು ನಾವು, ದೊಡ್ಡವರು.

ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಸೋಬೆಲ್ 1996ರ ತಮ್ಮ ಪುಸ್ತಕದಲ್ಲಿ ಇದನ್ನೇ ವಾದಿಸಿದರು. ನಾಲ್ಕನೇ ತರಗತಿಗೆ ಮುಂಚೆ ಮಕ್ಕಳ ಮುಂದೆ ಪರಿಸರದ ದುರಂತಗಳನ್ನು ಇಡಬೇಡಿ. ಮೊದಲು ಗಿಡ, ಹುಳ, ನೀರು, ಮಣ್ಣಿನ ಜೊತೆ ಸ್ನೇಹ ಬೆಳೆಯಲಿ. ಪ್ರೀತಿಗೆ ಮುಂಚೆ ಭಯ ಬಂದರೆ ಮಗು ಪ್ರಕೃತಿಯಿಂದಲೇ ದೂರ ಸರಿಯುತ್ತದೆ ಎಂಬುದು ಅವರ ಮಾತಿನ ಸಾರ. ಒಪ್ಪುವಂಥದ್ದೇ. ಈ ಅಳತೆಗೋಲಿಗೆ ಸರಿಯಾಗಿ ಹೊಂದುವ ಚಿತ್ರ ಹಯಾವೊ ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’ (1988). ಅದರಲ್ಲಿ ಖಳನಿಲ್ಲ, ಎಚ್ಚರಿಕೆಯಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಎಂಬ ಆತಂಕ ಇದೆ. ಅದರ ಸುತ್ತ ಮಳೆ, ಗದ್ದೆ, ಭಾರೀ ಕರ್ಪೂರದ ಮರ. ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು ಮರಕ್ಕೆ ತಲೆಬಾಗುತ್ತಾನೆ, ಅಷ್ಟೆ. ಕಾಡು ಉಳಿಸಿ ಎಂದು ಒಂದು ಮಾತೂ ಆಡದ ಆ ಚಿತ್ರದ ಹೆಸರಿನಲ್ಲಿ ಜಪಾನಿನ ಸಯಾಮಾ ಗುಡ್ಡಗಳ ಕಾಡಿನ ತುಂಡುಗಳನ್ನು ಜನ ಹಣ ಕೂಡಿಸಿ ಕೊಂಡು ಉಳಿಸುತ್ತ ಬಂದಿದ್ದಾರೆ. ಅದೇ ನಿರ್ದೇಶಕರ ‘ಪ್ರಿನ್ಸೆಸ್ ಮೊನೊನೊಕೆ’ (1997) ಕಾಡು ಮತ್ತು ಕಬ್ಬಿಣದ ಕುಲುಮೆಯ ಯುದ್ಧದ ಬಗ್ಗೆ ಇನ್ನೂ ಆಳವಾದ ಚಿತ್ರ. ಆದರೆ ಅಲ್ಲಿ ಬಾಣ ತಾಗಿ ಕೈ, ತಲೆ ಹಾರಿಹೋಗುತ್ತವೆ. ಅದನ್ನು ಹನ್ನೆರಡು ಹದಿಮೂರರವರೆಗೆ ಕಪಾಟಿನಲ್ಲಿಡಿ.

ಆದರೆ ಸೋಬೆಲ್ ಮಾತು ದೇವನಾರ್‌ಗೆ ಬಂದಾಗ ತೊಡಕುತ್ತದೆ. 2016ರ ಜನವರಿಯಲ್ಲಿ ಆ ಕಸದ ಗುಡ್ಡಕ್ಕೆ ಬೆಂಕಿ ಹತ್ತಿದಾಗ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಂಡಿತು. ಸುತ್ತಲಿನ ಮುನ್ಸಿಪಲ್ ಶಾಲೆಗಳಿಗೆ ರಜೆ ಕೊಟ್ಟರು. ಅಲ್ಲಿನ ಒಂದನೇ ತರಗತಿಯ ಮಗುವಿಗೆ ದುರಂತವನ್ನು ನಾಲ್ಕನೇ ತರಗತಿಯವರೆಗೆ ಮುಂದೂಡುವವರು ಯಾರು? ಮಗುವಿಂದ ಕಸವನ್ನು ಮರೆಮಾಡುವುದೂ ಕಿಟಕಿ ಮುಚ್ಚಿಕೊಳ್ಳಬಲ್ಲ ಮನೆಗಳಿಗೆ ಮಾತ್ರ ಸಿಗುವ ಸವಲತ್ತು. ಹಾಗಾಗಿ ತೋರಿಸಬೇಕೋ ಬೇಡವೋ ಎಂದು ಕೇಳಿ ಪ್ರಯೋಜನವಿಲ್ಲ. ಹೇಗೆ ತೋರಿಸಬೇಕು, ತಪ್ಪನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂದು ಕೇಳಬೇಕು.

ಅಮ್ಮನಿಗೆ ನನ್ನ ಈ ಗೊಂದಲವೇ ಅರ್ಥವಾಗಲಿಲ್ಲ. “ನಿಂಗೆ ಪುಣ್ಯಕೋಟಿ ಕತೆ ಹೇಳ್ದಾಗ ನಾಲ್ಕು ವರ್ಷ ಕಣೋ. ಹೋ ಅಂತ ಅಳ್ತಿದ್ದೆ. ಮಾರನೇ ದಿನ ಮತ್ತೆ ಅದೇ ಕತೆ ಬೇಕು ಅಂತಿದ್ದೆ.” ನಿಜ. ಗೋವಿನ ಹಾಡಿಗಿಂತ ಭೀಕರವಾದ ಮಕ್ಕಳ ಕತೆ ಯಾವುದಿದೆ? ತಾಯಿ ಸಾಯಲು ಹೊರಟಿದ್ದಾಳೆ, ಕರುವಿಗೆ ಕೊನೆಯ ಸಲ ಹಾಲೂಡಿಸುತ್ತಾಳೆ, ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ತಲೆತಲಾಂತರದಿಂದ ಕನ್ನಡದ ಮಕ್ಕಳು ಅದನ್ನು ಕೇಳಿ ಅತ್ತಿದ್ದಾರೆ, ಕೆಟ್ಟಿಲ್ಲ. ಆದರೆ ಅಮ್ಮ ಒಂದು ವ್ಯತ್ಯಾಸವನ್ನು ತನಗೆ ಗೊತ್ತಿಲ್ಲದೆಯೇ ಕಾಪಾಡಿಕೊಂಡಿದ್ದಳು: ಕತೆ ಮುಗಿಸಿ ಅವಳು “ನೀನು ಸುಳ್ಳು ಹೇಳಿದರೆ ನಾನೂ ಹುಲಿಯ ಬಾಯಿಗೆ ಹೋಗುತ್ತೇನೆ” ಎಂದು ಎಂದೂ ಹೇಳಲಿಲ್ಲ. ದುಃಖ ಕತೆಯದ್ದಾಗಿಯೇ ಉಳಿಯಿತು, ನನ್ನ ತಪ್ಪಾಗಲಿಲ್ಲ. ಸೆನ್ಸಾರಿನವರು ರಕ್ತ, ಬೈಗುಳ, ಮುತ್ತುಗಳನ್ನು ಎಣಿಸಿ ವಯಸ್ಸು ನಿಗದಿ ಮಾಡುತ್ತಾರೆ. ಅಮೆರಿಕದಲ್ಲಿ ‘ವಾಲ್-ಈ’ಗೆ ಸಿಕ್ಕಿದ್ದು ಎಲ್ಲ ವಯಸ್ಸಿನವರೂ ನೋಡಬಹುದು ಎಂಬ ಪತ್ರ. ಆದರೆ ತಪ್ಪಿತಸ್ಥ ಭಾವವನ್ನು ಎಣಿಸುವ ಸರ್ಟಿಫಿಕೇಟು ಯಾವ ದೇಶದಲ್ಲೂ ಇಲ್ಲ.

‘ವಾಲ್-ಈ’ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. ನೌಕೆಯ ಮನುಷ್ಯರು ಎದ್ದು ನಿಲ್ಲಲಾರದಷ್ಟು ದಪ್ಪಗಾಗಿ, ತೇಲುವ ಕುರ್ಚಿಗಳಲ್ಲಿ ಪರದೆ ನೋಡುತ್ತ, ಊಟವನ್ನೂ ಲೋಟದಲ್ಲಿ ಹೀರುತ್ತಾರೆ. ಭೂಮಿಯ ಸೆಳೆತವಿಲ್ಲದೆ ಮೂಳೆ ಸವೆದಿದೆ ಎಂಬ ವಿವರಣೆ ಒಂದು ಕ್ಷಣ ಬಂದು ಹೋಗುತ್ತದೆ. ಮಗುವಿನ ಕಣ್ಣಿಗೆ ಉಳಿಯುವುದು ಉರುಳಿಬಿದ್ದ ದಪ್ಪ ಮೈಯನ್ನು ನೋಡಿ ನಗಬಹುದು ಎಂಬುದು. ಪುಟ್ಟಿ ನಕ್ಕಳು. ಮಾರನೇ ದಿನ ಲಿಫ್ಟಿನಲ್ಲಿ ನಮ್ಮ ಮೇಲಿನ ಮಹಡಿಯವರನ್ನು ನೋಡಿ ನನ್ನ ಕೈ ಜಗ್ಗಿದಳು. ಈ ಚಿತ್ರದಿಂದ ನೇರವಾಗಿ ಬಂದ ಕೆಡುಕು ಎಂದರೆ ಇದೊಂದೇ, ಇದರ ಬಗ್ಗೆ ಮಗುವಿನ ಜೊತೆ ಮಾತಾಡಲೇಬೇಕು.

ಇನ್ನೊಂದು ಕೊರತೆ ನನ್ನ ಗಮನಕ್ಕೆ ಬಂದದ್ದೂ ಅವಳಿಂದಲೇ. ಬೆಳಿಗ್ಗೆ ಸೊಸೈಟಿಯ ಬಕೆಟ್ಟುಗಳನ್ನು ಬಗ್ಗಿ ವಿಂಗಡಿಸುವ ಹೆಂಗಸನ್ನು ತೋರಿಸಿ “ವಾಲ್-ಈ ಥರ” ಅಂದಳು. ನಾನು ನಾಚಿದೆ, ಆಮೇಲೆ ಯೋಚಿಸಿದೆ. ವಾಲ್-ಈ ಎಂಬುದೇ ಕಸ ಎತ್ತುವ ಯಂತ್ರದ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಅದು ಬಿಟ್ಟು ಹೋದವರ ಗಲೀಜನ್ನು ಬಳಿಯಲು ಉಳಿಸಿಹೋದ ಜೀವ. ಇಡೀ ಚಿತ್ರದಲ್ಲಿ ಮನುಷ್ಯರೆಲ್ಲ ಕೊಳ್ಳುವವರೇ; ಕಸ ಆಯುವ ಮನುಷ್ಯರು ಒಬ್ಬರೂ ಇಲ್ಲ. ನೌಕೆ ಹತ್ತಲು ಟಿಕೆಟ್ ಸಿಗದವರು ಏನಾದರು ಎಂದು ಚಿತ್ರ ಕೇಳುವುದೇ ಇಲ್ಲ. ನಮ್ಮ ಊರುಗಳಲ್ಲಿ ಆ ಕೆಲಸಕ್ಕೆ ಜಾತಿಯಿದೆ, ಬಡತನವಿದೆ, ಹೆಸರಿರುವ ಹೆಂಗಸರಿದ್ದಾರೆ. ಪುಟ್ಟಿ ಕಂಡ ಸಾದೃಶ್ಯ ಚಿತ್ರ ಯೋಚಿಸದ್ದನ್ನು ಯೋಚಿಸಿತ್ತು. “ಅವರು ಯಂತ್ರ ಅಲ್ಲ ಪುಟ್ಟಿ, ಹೋಗಿ ಹೆಸರು ಕೇಳು” ಅಂದೆ. ಕೇಳಿಕೊಂಡು ಬಂದಳು. ನಾಲ್ಕು ವರ್ಷದಿಂದ ಇಲ್ಲಿರುವ ನನಗೆ ಆ ಹೆಸರು ಗೊತ್ತಿರಲಿಲ್ಲ.

ಕೊನೆಯೂ ತುಸು ಅಗ್ಗ. ಒಂದು ಮೊಳಕೆ ಸಿಕ್ಕರೆ 700 ವರ್ಷದ ಪಾಪ ಪರಿಹಾರವಾಗಿಬಿಡುತ್ತದೆಯೇ? ದೊಡ್ಡವನಾಗಿ ನನಗೆ ಇದು ಸಾಲದು. ಆದರೆ ಐದರ ಮಗುವಿಗೆ ಈ ಭರವಸೆ ಬೇಕು. ಇದನ್ನು ‘ದ ಲೊರಾಕ್ಸ್’ ಜೊತೆ ಹೋಲಿಸಿ ನೋಡಿ. ಡಾ. ಸ್ಯೂಸ್ ಅವರ 1971ರ ಪುಸ್ತಕದಲ್ಲಿ ಮರ ಕಡಿದವನ ಮುಖವೇ ಕಾಣುವುದಿಲ್ಲ, ಬರೀ ಕೈಗಳು. ಅವನು ಯಾರೂ ಆಗಿರಬಹುದು. 2012ರ ಚಿತ್ರ ಅವನಿಗೆ ಚೆಲುವ ಮುಖ ಕೊಟ್ಟು, ಸಾಲದೆಂದು ಗಾಳಿ ಮಾರುವ ಮತ್ತೊಬ್ಬ ಖಳನನ್ನೂ ತಂದಿತು. ಮೇಲಾಗಿ ಅದೇ ಲೊರಾಕ್ಸ್ ಕಾರಿನ ಜಾಹೀರಾತಿನಲ್ಲೂ ಕಾಣಿಸಿಕೊಂಡಿತು. ಸಂದೇಶ ಜೋರಾದಷ್ಟೂ ಕತೆ ಹಗುರಾಯಿತು.

ನನ್ನ ತೀರ್ಮಾನ ಹೀಗಿದೆ. ಮೂರು ನಾಲ್ಕು ವರ್ಷದವರಿಗೆ ‘ಟೊಟೊರೊ’ ಸಾಕು. ಐದು ದಾಟಿದ ಮೇಲೆ ‘ವಾಲ್-ಈ’ ಧಾರಾಳವಾಗಿ ತೋರಿಸಿ. ಪಕ್ಕದಲ್ಲಿ ಕೂತಿರಿ, ಮರೆವಿನ ದೃಶ್ಯ ಬಂದಾಗ ಕೈ ಹಿಡಿಯಿರಿ. ಮುಗಿದ ಮೇಲೆ ಎದ್ದು ಹೋಗಬೇಡಿ. ಗುಹೆಯ ಚಿತ್ರದಿಂದ ಹಿಡಿದು ವ್ಯಾನ್ ಗೋ ಶೈಲಿಯವರೆಗೆ ಮನುಷ್ಯ ಮತ್ತೆ ಬೇಸಾಯ ಕಲಿಯುವುದನ್ನು ಬಿಡಿಸಿರುವ ಕೊನೆಯ ಟೈಟಲ್‌ಗಳು ಚಿತ್ರದ ಅತ್ಯುತ್ತಮ ಭಾಗಗಳಲ್ಲೊಂದು. ಮಗು ಪ್ರಶ್ನೆ ಕೇಳಿದರೆ ಕೇಳಿದಷ್ಟಕ್ಕೆ ಉತ್ತರ ಕೊಡಿ. ಕೇಳದಿದ್ದರೆ ಸುಮ್ಮನಿರಿ. ಈ ಕೊನೆಯದು ಬಲು ಕಷ್ಟ, ಅನುಭವದಿಂದ ಹೇಳುತ್ತಿದ್ದೇನೆ.

ಪೆಟ್ಟಿಗೆಯ ವಿಷಯ. ಖಾಲಿ ಮಾಡಲು ಕೂತಾಗ ಮೊದಲು ನೋಡಿರದ ಒಂದು ಸಂಗತಿ ಕಂಡಿತು. ಚಮಚಗಳೆಲ್ಲ ಒಂದು ಮೂಲೆ, ಸ್ಟ್ರಾಗಳು ಬಣ್ಣದ ಪ್ರಕಾರ ಒಂದು ಮೂಲೆ, ಪೊಟ್ಟಣಗಳು ನಾಲ್ಕು ಮಡಿಕೆಯಾಗಿ ಇನ್ನೊಂದು ಮೂಲೆ. ವಾಲ್-ಈ ತನ್ನ ಗೂಡಿನಲ್ಲಿ ಸಾಮಾನು ಜೋಡಿಸಿಟ್ಟುಕೊಳ್ಳುವುದು ಹಾಗೆಯೇ. ಅವಳು ಹೆದರಿ ಬಚ್ಚಿಟ್ಟಿದ್ದಳೋ, ಆಟ ಹೂಡಿದ್ದಳೋ? ಬಹುಶಃ ಜೋಡಿಸಿಟ್ಟದ್ದು ಚಿತ್ರದಿಂದ ಬಂತು, ಬಚ್ಚಿಟ್ಟದ್ದು ನನ್ನಿಂದ. “ಕಸದ ಲೆಕ್ಕ ನೋಡ್ಕೊಳ್ಳೋದು ಅಪ್ಪನ ಕೆಲಸ, ನಿಂದಲ್ಲ” ಎಂದು ಹೇಳಿದೆ. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಚಮಚಗಳನ್ನು ತೊಳೆದು ಇಟ್ಟುಕೊಂಡಳು. ಗೊರಟನ್ನು ಅಮ್ಮ ಬಾಲ್ಕನಿಯ ಕುಂಡದಲ್ಲಿ ಹೂತಿದ್ದಾಳೆ. ಪುಟ್ಟಿ ದಿನಾ ಬೆಳಿಗ್ಗೆ ಹೋಗಿ ನೋಡುತ್ತಾಳೆ, ಇನ್ನೂ ಏನೂ ಬಂದಿಲ್ಲ.